ದನಿ ಏರಿಸದ ದಾಮೋದರರಾಯರು

ನಮ್ಮ ಊರು ನೌಕಾನೆಲೆಯ ಗೋಡೆಯೊಳಗೆ ಹೋಗಿ ನಾವು ತೋಡೂರಿನ ಪುನರ್ವಸತಿ ಕಾಲೊನಿಗೆ ಬಂದದ್ದಕ್ಕಿಂತ, ನಾವು ಆರಿಸಿ ಕಳಿಸಿದ ದಾಮೋದರರಾಯರು ಲೋಕಸಭೆಯಲ್ಲಿ ಒಮ್ಮೆಯೂ ಮೇಜು ಗುದ್ದಿ ಕೂಗಲಿಲ್ಲವೆಂಬ ಸಿಟ್ಟೇ ನನಗೆ ಇವತ್ತಿಗೂ ಹೆಚ್ಚು. ಆರು ಸಲ ಗೆದ್ದ ಮನುಷ್ಯ. ಎದ್ದು ನಿಂತರೆ ಮೊದಲು ಕನ್ನಡಕ ಒರೆಸಬೇಕು, ಆಮೇಲೆ ಸಭಾಧ್ಯಕ್ಷರಿಗೆ ಕೈ ಮುಗಿಯಬೇಕು, ಅಷ್ಟರಲ್ಲಿ ಕೊಟ್ಟ ಸಮಯ ಅರ್ಧ ಮುಗಿದಿರುತ್ತಿತ್ತು. ಅಂಕೋಲೆಯ ಮೀನುಪೇಟೆಯಲ್ಲೂ ಬಂಗಡೆಯ ದರ ಕೇಳುವ ಮೊದಲು "ಒಂದು ವಿಷಯ ತಮ್ಮ ಗಮನಕ್ಕೆ ತರಬಯಸುತ್ತೇನೆ" ಅನ್ನುವರು. "ಸಾಯ್ಬರೇ, ದಿಲ್ಲಿಲಿ ಒಂದ್ಸಲ ಕೂಗೂಕೆ ಏನಾಗ್ತದೆ ನಿಮ್ಗೆ?" ಎಂದು ಬಸ್‌ಸ್ಟ್ಯಾಂಡಿನಲ್ಲೇ ತಡೆದು ಕೇಳಿದೆ. "ತಮಾ, ಗಲಾಟೆಲಿ ಹೇಳಿದ್ದು ದಾಖಲೆಗೆ ಹೋಗೂದಿಲ್ಲ. ಮೆಲ್ಲ ಹೇಳಿದ್ದು ಉಳೀತದೆ," ಎಂದರು. ಸುಳ್ಳಲ್ಲ. ರಕ್ಷಣಾ ಇಲಾಖೆಯ ಚರ್ಚೆಯಲ್ಲಿ ಖಾಲಿ ಬೆಂಚುಗಳ ಮುಂದೆ ನಿಂತು, ನಾವು ಬಿಟ್ಟುಬಂದ ಒಂದೊಂದು ಕೇರಿಯ, ದೋಣಿ ಎಳೆಯುವ ಒಂದೊಂದು ದಂಡೆಯ ಹೆಸರನ್ನು, ಬರೆದುಕೊಳ್ಳುವವರಿಗೆ ತಪ್ಪದಂತೆ ನಿಧಾನವಾಗಿ ಹೇಳಿದ್ದರು. ನಕ್ಷೆಯಿಂದ ಅಳಿಸಿಹೋದ ಆ ಹೆಸರುಗಳು ಈಗ ಉಳಿದಿರುವುದು ಆ ದಾಖಲೆಯಲ್ಲಿ ಮಾತ್ರ. ನನ್ನ ಹೆತ್ತ ಆಯಿ ಹೀರಾ ಹುಟ್ಟಿದ ಕಲ್ಲಕೇರಿ ಅವರ ಪಟ್ಟಿಯಲ್ಲಿ ಕೊನೆಯದು. ಅದೊಂದನ್ನು ಹೇಳುವ ಮೊದಲೇ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು, ಇವರು ಕೈ ಮುಗಿದು ಕೂತುಬಿಟ್ಟರು. ಮುಂದಿನ ಚುನಾವಣೆಯಲ್ಲಿ ಸೋತರು. ಈಗಲೂ ಪೇಟೆಯಲ್ಲಿ ಮೀನು ಮಾರುವ ಆಯಿಯನ್ನು ಕಂಡರೆ ಚಪ್ಪಲಿ ಕಳಚಿ ನಿಲ್ಲುತ್ತಾರೆ. "ಹೀರಾಬಾಯಿ, ನಿಮ್ಮ ಊರೊಂದು ಬಾಕಿ ಉಳೀತು." ಆಯಿ ಅವರ ಚೀಲಕ್ಕೆ ಮೀನು ಹಾಕುತ್ತ, "ಇರ್ಲಿ, ಮತ್ತೆ ದಿಲ್ಲಿಗೆ ಹೋದಾಗ ಹೇಳಿ," ಎನ್ನುತ್ತಾಳೆ. ರಾಯರಿಗೆ ಈಗ ಎಂಬತ್ತಾರು ವರ್ಷ.