ಎಡಗಡೆಯ ಸಲಾಂ

"ಮೀನು ಎಲ್ಲಿ?" ಎಂದು ಹೆಂಡತಿಯ ಮೇಲೆ ರೇಗಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅದು ನನ್ನ ಮೊದಲ ಊಟ. ತಟ್ಟೆಯಲ್ಲಿ ಬರೀ ಅನ್ನ ಕಾಣುತ್ತಿತ್ತು. ಅವಳು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಹುರಿದ ಅಂಜಲ್ ತುಂಡು ಎದುರಿಗೆ ಬಂತು.

"ಮೊದಲೇ ಬಡಿಸ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದೆ. ಅವಳು ನೀರು ತರುವ ನೆಪದಲ್ಲಿ ಒಳಗೆ ಹೋದಳು.

ತೊಂಬತ್ತರ ದಶಕದ ನಡುವಿನ ಮಾತು ಇದು. ದೋಹಾ ನಗರದ ಅಲ್ ಮುಂತಜಾದ ಹಳೆಯ ಕಟ್ಟಡವೊಂದರಲ್ಲಿ ನಮ್ಮ ಮನೆ, ಅಲ್ಲೇ ಸಮೀಪದ ಬಟ್ಟೆ ಅಂಗಡಿಯಲ್ಲಿ ನನ್ನ ಕೆಲಸ. ಒಂದು ಶುಕ್ರವಾರ ಗೆಳೆಯನ ಕಾರಿನಲ್ಲಿ ಪಕ್ಕದ ಊರಾದ ಅಲ್ ವಕ್ರಾದಿಂದ ಬರುತ್ತಿದ್ದಾಗ ಒಂದು ಪಿಕಪ್ ನಾನು ಕುಳಿತಿದ್ದ ಬಲಬದಿಗೆ ಗುದ್ದಿತು. ಕಾರು ಓಡಿಸುತ್ತಿದ್ದ ಗೆಳೆಯನಿಗೆ ತರಚು ಗಾಯವೂ ಆಗಲಿಲ್ಲ. ನನ್ನ ತಲೆಯ ಬಲಭಾಗ ಕಿಟಕಿಗೆ ಬಡಿದು ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಆಗಿ ಬದುಕಿಕೊಂಡೆ. ಕೈಕಾಲು ಆಡುತ್ತಿದ್ದವು, ಮಾತು ಸರಿಯಿತ್ತು, ಸಿಟ್ಟಂತೂ ಮೊದಲಿಗಿಂತ ಚೆನ್ನಾಗಿಯೇ ಇತ್ತು. ನನಗೆ ಏನೂ ಆಗಿಲ್ಲ ಎಂದೇ ನಾನು ನಂಬಿದ್ದೆ.

ಹಾಗಿದ್ದವನನ್ನು ಆಕ್ಯುಪೇಶನಲ್ ಥೆರಪಿಗೆ ಕಳಿಸಿದರು. ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ. ಅಂಗಿ ಹಾಕುವುದು, ಗಡ್ಡ ಬೋಳಿಸುವುದು, ಚಹಾ ಮಾಡುವುದು, ಹೀಗೆ ದಿನನಿತ್ಯದ ಕೆಲಸಗಳನ್ನೇ ಮತ್ತೆ ಕಲಿಸುವ ಜಾಗ ಅದು. ಥೆರಪಿಸ್ಟ್ ಕೇರಳದ ಹೆಂಗಸು. ಅವಳ ಮಲಯಾಳ, ನಮ್ಮ ಬ್ಯಾರಿ ಮಾತು, ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ. ಊರಿಗೆಲ್ಲ ಅಂಗಿ ಮಾರುವವನಿಗೆ ಅಂಗಿ ತೊಡುವ ಪಾಠ! ಸಿಡಿಮಿಡಿಗೊಂಡೇ ಅಂಗಿ ಹಾಕಿ, ಗುಂಡಿ ಹಾಕಿ, "ಖಲಾಸ್" ಎಂದೆ. ಅವಳು ಕನ್ನಡಿಯ ಮುಂದೆ ನಿಲ್ಲಿಸಿದಳು. ಕನ್ನಡಿಯಲ್ಲೂ ನನಗೆ ತಪ್ಪೇನೂ ಕಾಣಲಿಲ್ಲ. ಅವಳು ನನ್ನ ಗಲ್ಲ ಹಿಡಿದು ಮೆಲ್ಲನೆ ಎಡಕ್ಕೆ ತಿರುಗಿಸಿದಳು. ಎಡತೋಳು ಹೊರಗೇ ಇತ್ತು, ಅಂಗಿಯ ಖಾಲಿ ತೋಳು ಬೆನ್ನ ಹಿಂದೆ ಜೋತಾಡುತ್ತಿತ್ತು. ಎಡಗೆನ್ನೆಯಲ್ಲಿ ವಾರದ ಗಡ್ಡ. ಆ ಮುಖದಲ್ಲೇ ನಾನು ಟ್ಯಾಕ್ಸಿಯಲ್ಲಿ ಬಂದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಿಮ್ಮ ಕಣ್ಣು ಸರಿಯಿದೆ. ಎಡಗಡೆ ಅಂತ ಒಂದು ಇದೆ ಎನ್ನುವುದನ್ನೇ ಮಿದುಳು ಮರೆತಿದೆ. ನೆನಪು ಮಾಡಿಸಬೇಕು" ಎಂದಳು. ಮನೆಗೊಯ್ಯಲು ಕೊಟ್ಟ ಊಟದ ಟ್ರೇಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದಳು. ಆ ಕೆಂಪು ಕಾಣುವ ತನಕ ತಲೆ ತಿರುಗಿಸಬೇಕು, ಆಮೇಲೆ ತಿನ್ನಬೇಕು. ನನ್ನ ಹೆಂಡತಿಗೂ ಬುದ್ಧಿ ಹೇಳಿದಳು: "ತಟ್ಟೆ ತಿರುಗಿಸಿ ಕೊಡಬೇಡಿ. ತಿರುಗಬೇಕಾದ್ದು ಅವರ ತಲೆ."

ಎಳೆಯ ಮಕ್ಕಳ ಆಟವೆಂದು ಆ ಪಟ್ಟಿಯನ್ನು ನಾನು ಮನೆಯಲ್ಲಿ ಕಿತ್ತು ಬಿಸಾಡಿದೆ.

ಅದರ ಫಲ ಮುಂದಿನ ಶುಕ್ರವಾರವೇ ಸಿಕ್ಕಿತು. ಜುಮ್ಮಾ ನಮಾಝ್ ಮುಗಿಸಿ ನಮ್ಮ ಕರಾವಳಿಯ ಗಂಡಸರು ಮೇಲಿನ ಮಹಡಿಯ ಮನೆಯಲ್ಲಿ ಸೇರುವ ರೂಢಿ. ದೊಡ್ಡ ತಟ್ಟೆಯೊಂದರಲ್ಲಿ ಬಿರಿಯಾನಿ, ಸುತ್ತಲೂ ನಾವು. ಒಂದೇ ತಟ್ಟೆಯಲ್ಲಿ ಉಂಡರೂ ಅವರವರ ಮುಂದಿನದನ್ನೇ ಅವರವರು ತಿನ್ನಬೇಕು. ಕೈ ಆಚೀಚೆ ಹೋಗಬಾರದು. ಮಗುವಾಗಿದ್ದಾಗಲೇ ಉಮ್ಮ ಕೈಗೆ ಬಡಿದು ಕಲಿಸಿದ ಮರ್ಯಾದೆ ಅದು. ಆವತ್ತು ನನ್ನ ಮುಂದಿನ ಅನ್ನ ಬೇಗ ಖಾಲಿಯಾದಂತೆ ಕಂಡಿತು. ಕೈ ಬಲಕ್ಕೆ ಹೋಯಿತು. ಬಲಕ್ಕೆ ಕುಳಿತಿದ್ದ ಹಿರಿಯರ ಪಾಲಿನ ಮಾಂಸವನ್ನೆಲ್ಲ ನಾನೇ ಎಳೆದುಕೊಂಡಿದ್ದೆ. ಅವರು "ತಿನ್ನಿ ಮಾರಾಯ್ರೆ, ತಿನ್ನಿ" ಎಂದು ಕೈ ಹಿಂದೆ ತೆಗೆದರು. ನಾನು ಸುಮ್ಮನಿರಬೇಕೋ ಬೇಡವೋ? "ನನ್ನ ಪಾಲು ಮುಗಿಸಿದ್ದು ಯಾರು?" ಎಂದು ಗಟ್ಟಿಯಾಗಿ ಕೇಳಿದೆ. ನನ್ನ ಪಾಲು ಎಡಗಡೆಯಲ್ಲಿ ಹಾಗೆಯೇ ಇತ್ತಂತೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ತೋರಿಸುವವರು ಎಂದು ಅಂಗಡಿಯಲ್ಲಿ ಎಷ್ಟು ಜನರನ್ನು ಹಂಗಿಸಿದ್ದೆನೋ. ಈಗ ಆ ಗಾದೆ ನನಗೇ ಬಂದು ಮೆತ್ತಿಕೊಂಡಿತು. ಅಂದಿನಿಂದ ಮೇಲಿನ ಮನೆಗೆ ಹೋಗುವುದನ್ನು ಬಿಟ್ಟೆ.

ಮನೆಯಲ್ಲಿ ಕುಳಿತವನಿಗೆ ಬೈಯಲು ಯಾರಾದರೂ ಬೇಕಲ್ಲ, ಗೆಳೆಯ ಸಿಕ್ಕಿದ. ದೋಹಾಕ್ಕೆ ಬಂದ ಹೊಸತರಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡವರು. "ಗುದ್ದಿಸಿದವನು ಒಮ್ಮೆಯಾದರೂ ನೋಡ್ಲಿಕ್ಕೆ ಬಂದನಾ? ಮನುಷ್ಯನಾ ಅವನು?" ಎಂದು ದಿನವೂ ಅನ್ನುತ್ತಿದ್ದೆ. ಹೆಂಡತಿ ತಲೆ ತಗ್ಗಿಸಿ ಕೇಳುತ್ತಿದ್ದಳು.

ಮುಂದಿನ ಸಲ ಥೆರಪಿಸ್ಟ್ ಕೆಂಪು ಪಟ್ಟಿ ಏನಾಯಿತೆಂದು ಕೇಳಿದಾಗ, ಕಿತ್ತೆಸೆದೆ ಎಂದೆ. ಅವಳಿಗೆ ಸಿಟ್ಟು ಬರಲಿಲ್ಲ. "ಪಟ್ಟಿ ಬೇಡ, ಬಿಡಿ. ಚಿಕ್ಕಂದಿನಿಂದಲೂ ದಿನಾ ಎಡಕ್ಕೆ ತಲೆ ತಿರುಗಿಸಿ ಮಾಡುವ ಕೆಲಸ ಏನಾದರೂ ಇದೆಯಾ? ಹಳೆಯ ಅಭ್ಯಾಸ ದೇಹದಲ್ಲಿ ಎಲ್ಲೋ ಉಳಿದಿರುತ್ತದೆ" ಎಂದಳು.

ನಾನು ಇಲ್ಲವೆಂದೆ. ಹಿಂದೆ ಕುಳಿತಿದ್ದ ಹೆಂಡತಿ ಮೆಲ್ಲನೆ ಬಾಯಿಬಿಟ್ಟಳು. "ನಮಾಝ್ ಉಂಟಲ್ಲ. ಕೊನೆಗೆ ಬಲಕ್ಕೆ ತಿರುಗಿ ಸಲಾಂ ಹೇಳ್ಬೇಕು, ಮತ್ತೆ ಎಡಕ್ಕೆ." ಥೆರಪಿಸ್ಟ್ ಕಡೆ ನೋಡಿ, "ಈಗ ಇವರು ಎಡಕ್ಕೆ ತಿರುಗುದೇ ಇಲ್ಲ. ಬಲಕ್ಕೆ ಹೇಳಿ ಏಳ್ತಾರೆ. ನಾನು ಹಿಂದಿನಿಂದ ನೋಡ್ತೇನೆ" ಎಂದಳು.

ಮನುಷ್ಯರ ಮುಂದೆ ಮಾನ ಹೋದದ್ದು ಗೊತ್ತಿತ್ತು. ಸೃಷ್ಟಿಸಿದವನ ಮುಂದೆಯೂ ಇಷ್ಟು ದಿನ ಅರ್ಧ ಸಲಾಂ ಹೇಳಿ ಎದ್ದು ಬಂದಿದ್ದೆನೇ?

ಒಮ್ಮೆ ತೆರೆದ ಅವಳ ಬಾಯಿ ಮತ್ತೆ ಮುಚ್ಚಲಿಲ್ಲ. "ನಿಮ್ಮ ದೋಸ್ತಿ ಬಂದಿದ್ದರು. ಎಷ್ಟೋ ಸಲ ಬಂದಿದ್ದರು. ಸೋಫಾದಲ್ಲಿ ನಿಮ್ಮ ಎಡಗಡೆ ಕೂತು ಸಲಾಂ ಹೇಳಿದರು. ನೀವು ಟೀವಿ ನೋಡ್ತಾ ಇದ್ದಿರಿ. ಜವಾಬು ಕೊಡ್ಲಿಲ್ಲ. ಅವರು ನಿಮ್ಮ ಸಿಟ್ಟು ಅಂತ ತಿಳ್ಕೊಂಡರು. ಬಾಗಿಲ ಹತ್ರ ಅಳ್ತಿದ್ದರು."

"ಹೇಳ್ಬಾರದಿತ್ತಾ ನೀನು?"

"ಹೇಳಿದೆ. ಸುಳ್ಳಿ ಅಂತ ಬೈದಿರಿ."

ಸಲಾಮಿಗೆ ಜವಾಬು ಕೊಡುವುದು ನಮ್ಮಲ್ಲಿ ಕಡ್ಡಾಯ. ಹಗೆಯವನಿಗೂ ಕೊಡುತ್ತೇವೆ. ನಾನು ಕೊಟ್ಟಿರಲಿಲ್ಲ. ಅವನು ಬಂದದ್ದನ್ನು ಎಷ್ಟು ಹುಡುಕಿದರೂ ನನ್ನ ನೆನಪಿನಲ್ಲಿ ಸಿಗಲಿಲ್ಲ. ಟೀವಿಯ ಗದ್ದಲದಲ್ಲಿ ಒಂದು ದನಿ, ಅಷ್ಟೇ. ಆ ಕೋಣೆಯಲ್ಲಿ, ಆ ಹೆಂಗಸಿನ ಮುಂದೆ ನಾನು ಅತ್ತೆ.

ಆಮೇಲೆ ಅಭ್ಯಾಸ ಶುರುವಾಯಿತು. ಊಟಕ್ಕೆ ಕೈಯಿಡುವ ಮುಂಚೆ, ರಸ್ತೆ ದಾಟುವ ಮುಂಚೆ, ಅಂಗಿ ತೊಟ್ಟ ಮೇಲೆ, ನಮಾಝಿನ ಕೊನೆಯ ಹಾಗೆ ಗಲ್ಲ ಎಡ ಭುಜಕ್ಕೆ ಮುಟ್ಟುವಷ್ಟು ತಿರುಗುವುದು. ಕೆಂಪು ಪಟ್ಟಿಗೆ ಬಗ್ಗದ ಕುತ್ತಿಗೆ ಅದಕ್ಕೆ ಬಗ್ಗಿತು. ಎಷ್ಟೋ ಸಲ ಮರೆಯುತ್ತಿದ್ದೆ. ಮರೆತೆನೆಂಬುದೂ ಆಮೇಲೆ ಯಾರಾದರೂ ಹೇಳಿದರೇ ತಿಳಿಯುತ್ತಿತ್ತು.

ರಂಝಾನ್ ಬಂತು. ಮೇಲಿನ ಮನೆಯ ಇಫ್ತಾರಿಗೆ ಕರೆ ಬಂದಾಗ ಹೆಂಡತಿಗೆ ಹೇಳಿದೆ: "ಅವನನ್ನೂ ಕರೀಲಿಕ್ಕೆ ಹೇಳು. ನನ್ನ ಎಡಗಡೆ ಕೂರಿಸ್ಲಿಕ್ಕೆ ಹೇಳು." ಗೆಳೆಯನಿಗೆ ನಾನೇ ಫೋನ್ ಮಾಡಲು ಮುಖವಿರಲಿಲ್ಲ. ನನ್ನ ಎಡಗಡೆಯ ಸಂಗತಿಯನ್ನು ಅವನಿಗೆ ಅವಳೇ ತಿಳಿಸಿದಳು.

ಮೆಟ್ಟಿಲು ಹತ್ತಿ ಹೋದೆ. ಜಮಖಾನದ ಮೇಲೆ ಕುಳಿತೆ. ಅವನು ಇನ್ನೂ ಬಂದಿರಲಿಲ್ಲ. ಮಸೀದಿಯಲ್ಲಿ ಬಾಂಗ್ ಆಯಿತು. ಖರ್ಜೂರ, ನೀರು, ನಮಾಝ್, ಆಮೇಲೆ ದೊಡ್ಡ ತಟ್ಟೆ. ಹಸಿವಿನ ಅವಸರದಲ್ಲಿ ಎಲ್ಲ ಮರೆತು ಉಣ್ಣತೊಡಗಿದೆ. ಮುಂದಿನ ಅನ್ನ ಖಾಲಿಯಾದಂತೆ ಕಂಡಿತು. ಕೈ ಬಲಕ್ಕೆ ಹೊರಟಿತು, ಅಲ್ಲಿ ಅದೇ ಹಿರಿಯರ ಬೆರಳುಗಳು ಹಿಂದೆ ಸರಿದವು. ಆ ಸರಿದ ಬೆರಳುಗಳನ್ನು ಕಂಡು ನನಗೆ ಎಚ್ಚರವಾಯಿತು. ಕೈಯನ್ನು ತಟ್ಟೆಯ ಮೇಲೆಯೇ ತಡೆದೆ. ಕಣ್ಣು ಮುಚ್ಚಿ, ನಮಾಝ್ ಮುಗಿಸುವವನ ಹಾಗೆ ಗಲ್ಲ ಭುಜಕ್ಕೆ ಮುಟ್ಟುವ ತನಕ ಎಡಕ್ಕೆ ತಿರುಗಿದೆ. ಕಣ್ಣು ತೆರೆದೆ.

ಅವನು ಅಲ್ಲಿದ್ದ. ಬಡವಾಗಿದ್ದ. ತನ್ನ ಮುಂದಿನದನ್ನು ಮುಟ್ಟಿರಲಿಲ್ಲ. ಯಾವಾಗ ಬಂದನೋ, ಎಷ್ಟು ಹೊತ್ತಿನಿಂದ ನನ್ನ ಕಿವಿಯನ್ನೇ ನೋಡುತ್ತಾ ಕುಳಿತಿದ್ದನೋ. ಬಂದವನು ಸಲಾಂ ಹೇಳಿಯೇ ಇರುತ್ತಾನೆ. ಇವತ್ತೂ ನಾನು ಜವಾಬು ಕೊಟ್ಟಿರಲಿಲ್ಲ.

"ವ ಅಲೈಕುಂ ಸಲಾಂ" ಎಂದೆ. "ಅವತ್ತಿನದ್ದಕ್ಕೂ ಸೇರಿಸಿ."

ಅವನು ಮುಖ ಒರೆಸಿಕೊಂಡ. ನನ್ನ ಎಡಗಡೆ ಉಳಿದಿದ್ದ ಮಾಂಸದ ತುಂಡನ್ನು ನನ್ನ ಕಡೆ ದೂಡಲು ಕೈ ಚಾಚಿ, ತಡೆದು, ಅಲ್ಲೇ ಬಿಟ್ಟ.

"ಇಲ್ಲಿ ಉಂಟು ಮಾರಾಯ, ನಿನ್ನ ಪಾಲು" ಎಂದ. "ನೀನೇ ತಕ್ಕೋ."