ಹಿಂದೆ ಕುಳಿತವಳ ಗಾಂಧಾರ

ಗುರುಗಳು ವೇದಿಕೆಯಲ್ಲಿ ಹಾಡುವಾಗ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯರ ಕಣ್ಣು ಇರುವುದು ಒಂದೇ ಕಡೆ, ಅವರ ಎಡಗೈ ಮೇಲೆ. ಆಲಾಪದ ನಡುವೆ ಅವರು ಕತ್ತು ತುಸು ಹೊರಳಿಸಿ ಆ ಕೈಯನ್ನು ಹಿಂದಕ್ಕೆ ಚಾಚಿದರೆ, ಈಗ ನೀನು ಹಾಡು ಎಂದರ್ಥ. ನಾಲ್ಕು ಸ್ವರ ಹಾಡಿ ಮತ್ತೆ ಅವರಿಗೆ ಒಪ್ಪಿಸಬೇಕು. ನನ್ನ ಗುರುಗಳ ಕೈ ಐದು ವರ್ಷದಲ್ಲಿ ಒಮ್ಮೆಯೂ ನನ್ನ ಕಡೆ ಚಾಚಲಿಲ್ಲ. ನನಗಿಂತ ಮೂರು ವರ್ಷ ತಡವಾಗಿ ಬಂದ ಕಾಲೇಜು ಹುಡುಗಿಯ ಕಡೆ ಮಾತ್ರ ಪ್ರತಿ ಸಲವೂ ಚಾಚುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಡುವುದೇನಿದೆ.

ನಾವಿರುವುದು ತೆಲುಗು ಮಾತಿನ ದೊಡ್ಡ ಊರೊಂದರ ಅಂಚಿಗಿರುವ ಕುಷಾಯಿಗೂಡದಲ್ಲಿ. ವಿಜಯಪುರದಿಂದ ಮದುವೆಯಾಗಿ ಬಂದ ಮೇಲೆ ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ನನಗೂ ಕೆಲಸ ಸಿಕ್ಕಿತು. ಬೆಸುಗೆ ಹಾಕಿದ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಗಂಡನೂ ಒಪ್ಪುತ್ತಾರೆ, ಅವರು ಹೇಳುವ ಧಾಟಿ ಬೇರೆ ಅಷ್ಟೆ. ನಲವತ್ತಕ್ಕೆ ಬಂದಾಗ, ಚಿಕ್ಕಂದಿನಿಂದ ನುಂಗಿಕೊಂಡಿದ್ದ ಹಾಡಿನ ಹುಚ್ಚು ತಡೆಯಲಾಗದೆ, ಊರಿನ ಇನ್ನೊಂದು ತುದಿಯ ಮೆಹದಿಪಟ್ಟಣಂನಲ್ಲಿದ್ದ, ಶಿಷ್ಯರೆಲ್ಲ ಅಕ್ಕಾರ ಎಂದು ಕರೆಯುವ ಧಾರವಾಡದ ಕಡೆಯ ಈ ಗುರುಗಳನ್ನು ಹುಡುಕಿಕೊಂಡು ಹೋದೆ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಬೆಳಿಗ್ಗೆ ಸಾಧನೆ ಮಾಡುತ್ತಿದ್ದರೆ ಕೆಳಗಿನ ಮನೆ ಓನರಮ್ಮ ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಗೊಂತು ಬಾಗಲೇದಾ ಅಮ್ಮಾ?" ಎಂದು ಮೆಣಸಿನ ಕಷಾಯ ಕೊಟ್ಟು ಹೋದರು. ಗಂಟಲು ಸರಿಯಿಲ್ಲವೇನಮ್ಮ ಎಂದು ಪಾಪ ಅವರಿಗೆ ನಿಜವಾದ ಕಾಳಜಿ.

"ಐದು ವರ್ಷ ಎಮ್ಮಿಗೆ ಕಲಿಸಿದ್ರ ಅದಾದ್ರೂ ತಾಳಕ್ಕ ತಲಿ ಹಾಕ್ತಿತ್ತು," ಎಂದು ಗಂಡ ಚೇಷ್ಟೆ ಮಾಡುತ್ತಿದ್ದರು.

ಕಳೆದ ವರ್ಷ ಒಂದು ಭಾನುವಾರ ಪಾಠ ಮುಗಿದ ಮೇಲೆ ನನ್ನ ಸಹನೆ ತೀರಿತು. ಹುಡುಗಿ ಹೋಗುವವರೆಗೆ ಕಾದು ಕೇಳಿಯೇಬಿಟ್ಟೆ.

"ಅಕ್ಕಾರ, ನನಗ ಒಂದ ಸಲನಾದ್ರೂ ಹಾಡಾಕ ಬಿಡ್ರಿ. ಇಲ್ಲಾಂದ್ರ ನಿನ್ನ ಕೊರಳಾಗ ಏನೂ ಇಲ್ಲ, ಮನಿಗೆ ಹೋಗು ಅಂತ ಬಾಯಿಬಿಟ್ಟು ಹೇಳ್ರಿ. ಸುಮ್ಮನ ತಂಬೂರಿ ಮೀಟಿಕೋತ ಎಷ್ಟ ದಿನಾ ಕುಂದ್ರಲಿ?"

ಅವರು ತಂಬೂರಿಗೆ ಗವಸು ತೊಡಿಸುತ್ತಿದ್ದರು. ಅದನ್ನು ಮುಗಿಸಿಯೇ ಮಾತಾಡಿದರು.

"ಬರೋ ಐತವಾರ ಕನ್ನಡ ಸಂಘದಾಗ ನನ್ನ ಹಾಡು ಐತಲ್ಲ, ಅಲ್ಲೇ ಬಿಡತೀನಿ. ಆದ್ರ ಹ್ಯಾಂಗಾತು ಅಂತ ನನ್ನ ಕೇಳಬಾರದು. ಮುಗಿದ ಮ್ಯಾಲೆ ನೀನ ನನಗ ಹೇಳಬೇಕು. ಛಲೋ ಆತು ಅಂದ್ರ ಇನ್ನ ಮುಂದ ಪ್ರತಿ ಸಲ ಬಿಡತೀನಿ. ನಾ ಏನೂ ಅನ್ನಂಗಿಲ್ಲ."

"ಆಗಲಿಲ್ಲ ಅಂದ್ರ?"

"ಆಗಲಿಲ್ಲ ಅಂದ್ರ ಮುಂದ ಏನು ಮಾಡಬೇಕು ಅನ್ನೋದನ್ನೂ ನೀನ ಹೇಳು ತಂಗಿ."

ಆ ವಾರ ನನಗೆ ಅನ್ನ ಸೇರಲಿಲ್ಲ. ಹಾಡಬೇಕಾದ್ದು ಭೀಮಪಲಾಸಿ ರಾಗ. ಅದರ ಗಾಂಧಾರ ಸ್ವರ ಮೇಲಿನ ಮಧ್ಯಮದ ಆಸರೆ ಹಿಡಿದು ನಿಲ್ಲಬೇಕು. ಕೂದಲೆಳೆಯಷ್ಟು ಕೆಳಗಿಳಿದರೂ ರಾಗ ಮುಖ ಸಿಂಡರಿಸುತ್ತದೆ. ನನ್ನದು ಸರಿಯಾಗಿ ಅಲ್ಲೇ ಇಳಿಯುತ್ತಿತ್ತು. ಬುಧವಾರ ಸರಿ ಬಂತು, ಗುರುವಾರ ಮತ್ತೆ ಇಳಿಯಿತು. ಶುಕ್ರವಾರ ಅಳು ಬಂತು. ಕಾರ್ಖಾನೆಯಲ್ಲಿ ಒಂದೇ ಬೋರ್ಡನ್ನು ಮೂರು ಸಲ ನೋಡಿದರೂ ಏನು ನೋಡಿದೆನೆಂದು ನೆನಪಿರಲಿಲ್ಲ.

"ಛಲೋ ಆತು ಅಂತ ಹೇಳಿಬಿಡು," ಎಂದರು ಗಂಡ. ಈ ಸಲ ಚೇಷ್ಟೆಯಿರಲಿಲ್ಲ. "ಅಷ್ಟ ಮಂದ್ಯಾಗ ಯಾರಿಗೆ ಗೊತ್ತಾಗತೈತಿ?"

ನಾನು ಅವರ ಮೇಲೆ ರೇಗಿದೆ. ಅದೇ ಯೋಚನೆ ಸೋಮವಾರದಿಂದ ನನ್ನ ತಲೆಯಲ್ಲೂ ಇತ್ತು, ರೇಗಿದ್ದು ಅದಕ್ಕೆ.

ಭಾನುವಾರ ನಾಲ್ಕು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಸಂಘದ ಹಾಲ್ ಮುಕ್ಕಾಲು ತುಂಬಿತ್ತು, ಗಂಡ ಎರಡನೇ ಸಾಲಿನಲ್ಲಿದ್ದರು. ಗುರುಗಳು ಷಡ್ಜ ಹಿಡಿದರು. ಹದಿನೈದು ನಿಮಿಷ ಕಳೆದರೂ ಕೈ ಚಾಚಲಿಲ್ಲ. ಮರೆತರೇನೋ ಎಂದು ಹೆದರಿದೆ, ಮರೆತಿರಲಿ ಎಂದೂ ಬೇಡಿಕೊಂಡೆ. ಆಗ ಅವರ ಎಡಗೈ ಹಿಂದಕ್ಕೆ ಬಂತು, ಹುಡುಗಿಯನ್ನು ದಾಟಿ ನನ್ನ ಮುಂದೆ ನಿಂತಿತು.

ಹಾಡಿದೆ. ನಿಷಾದದಿಂದ ಷಡ್ಜಕ್ಕೆ ಬಂದದ್ದು ಸರಿಯಾಗಿತ್ತು. ಮಧ್ಯಮ ಮುಟ್ಟಿ ಗಾಂಧಾರಕ್ಕೆ ಬಂದೆ, ಅದು ಇಳಿಯಿತು. ಗಾಬರಿಯಲ್ಲಿ ನನ್ನ ಬೆರಳು ಹಾಡಿನ ಜೊತೆ ಓಡತೊಡಗಿತು. ತಂಬೂರಿ ಹಾಡಿನ ಲಯಕ್ಕೆ ಸಿಕ್ಕಬಾರದು, ತನ್ನ ಪಾಡಿಗೆ ತಾನು ನುಡಿಯಬೇಕು ಎಂಬುದು ಮೊದಲ ತಿಂಗಳ ಪಾಠ. ಬೆರಳನ್ನು ಎಳೆದು ತಡೆದು ಇನ್ನೊಮ್ಮೆ ಗಾಂಧಾರಕ್ಕೆ ಹೋದೆ. ಮತ್ತೆ ಇಳಿಯಿತು. ಹುಡುಗಿ ತಲೆ ಬಗ್ಗಿಸಿದಳು. ಅದು ನನ್ನ ಮರ್ಯಾದೆ ಕಾಯಲು ಬಗ್ಗಿಸಿದ್ದು, ನನಗೆ ಅದೇ ಹೆಚ್ಚು ನೋವಾಯಿತು. ಹೇಗೋ ಷಡ್ಜಕ್ಕೆ ಬಂದು ಒಪ್ಪಿಸಿದೆ. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನನ್ನ ಗಂಡ.

ಕಾರ್ಯಕ್ರಮ ಮುಗಿದು ಒಳಕೋಣೆಗೆ ಬಂದೆವು. ಸಂಘದ ಹಿರಿಯರೊಬ್ಬರು ಹಿಂದೆಯೇ ಬಂದು, "ನೀವೂ ಭಾಳ ಛಲೋ ಹಾಡಿದ್ರಿ ತಂಗಿ," ಎಂದು ಕೈಮುಗಿದು ಹೋದರು. ಗುರುಗಳು ಅವರ ಬೆನ್ನು ಬಾಗಿಲು ದಾಟುವವರೆಗೆ ನೋಡಿ ನನ್ನ ಕಡೆ ತಿರುಗಿದರು.

"ಹೇಳು."

ಹಿರಿಯರ ಮಾತು ಇನ್ನೂ ಕಿವಿಯಲ್ಲಿತ್ತು. ಅದನ್ನೇ ತಿರುಗಿ ಒಪ್ಪಿಸಿದರೆ ಸಾಕಿತ್ತು, ಆ ಕೈ ಜೀವಮಾನವಿಡೀ ನನ್ನ ಕಡೆಗೂ ಚಾಚುತ್ತಿತ್ತು. ಈ ಹೆಂಗಸು ಕೊಟ್ಟ ಮಾತಿಗೆ ತಪ್ಪುವವರಲ್ಲ.

"ಗಾಂಧಾರ ಇಳೀತ್ರಿ ಅಕ್ಕಾರ," ಎಂದೆ. "ಎರಡ ಸಲ."

"ಮೂರ ಸಲ," ಎಂದರು.

ಕೊರಳು ಇಲ್ಲದಿದ್ದರೆ ಹೋಗಲಿ, ಕಿವಿಯಾದರೂ ನನ್ನದು ಎಂದುಕೊಂಡಿದ್ದೆ. ಅದೂ ಪೂರ್ತಿ ನನ್ನದಾಗಿರಲಿಲ್ಲ.

"ಮುಂದ?" ಎಂದರು ಗುರುಗಳು.

ಸೋತರೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಇನ್ನ ಸಾಕ್ರಿ, ನಿಮ್ಮ ಋಣ ದೊಡ್ಡದು, ಎಂದೆಲ್ಲ. ಬಾಯಿ ತೆರೆದರೆ ಬಂದದ್ದು ಬೇರೆ.

"ಆ ಮೂರನೇದು ಎಲ್ಲಿ ಆತ್ರಿ?"

ಅವರ ಮುಖದಲ್ಲಿ ನಗುವಿರಲಿಲ್ಲ.

"ಅದು ನಿನಗ ಕೇಳಸಾಕ ಇನ್ನೂ ಐದು ವರ್ಷ ಬೇಕು. ಕೇಳಿಸಿದ ಮ್ಯಾಲೂ ಕೊರಳಿಗೆ ಬರತೈತಿ ಅಂತ ನಾ ಹೇಳಂಗಿಲ್ಲ."

"ಆಗಲ್ರಿ," ಎಂದೆ. ಐದು ವರ್ಷ ದುಡಿದ ಮೇಲೆ ನನ್ನ ಕಿವಿಗೆ ಬೀಳುವುದು ನನ್ನದೇ ತಪ್ಪು, ಅಷ್ಟೇ. ಅದನ್ನು ಕೇಳದೆ ಸಾಯಲು ನನಗೆ ಮನಸ್ಸಿರಲಿಲ್ಲ.