ನಡುವೆ ಜಾರಿದ ಕಡಲೆಕಾಯಿ

ಹೊಸಿಲು ದಾಟಿದವರನ್ನು ಹಿಂದಿನಿಂದ ಕೂಗಬಾರದು. ಇದು ನಮ್ಮತ್ತೆ ಸತ್ಯವತಿಯವರ ಕಟ್ಟಳೆ. ತಾವು ಮದುವೆಯಾದ ಹೊಸತರಲ್ಲಿ ಊಟದ ಡಬ್ಬಿ ಮರೆತು ಹೊರಟಿದ್ದ ಮಾವನವರನ್ನು ಕೂಗಿ ನಿಲ್ಲಿಸಿದ್ದರಂತೆ. ಅವತ್ತೇ ಅವರು ಯಲಹಂಕದ ಹತ್ತಿರ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಅಂದಿನಿಂದ ನಮ್ಮ ಬಾಗಿಲಲ್ಲಿ 'ಬೇಡ', 'ಇಲ್ಲ' ಎನ್ನುವಂತಿಲ್ಲ. ಹೊರಡುವವರ ಕೊನೆಯ ಮಾತು 'ಹೋಗ್ಬಿಟ್ಟು ಬರ್ತೀನಿ' ಎಂದೇ ಇರಬೇಕು.

ಬಾಗಲೂರಿನಲ್ಲಿ ಹುಟ್ಟಿ ಸಹಕಾರನಗರದ ಈ ಮನೆಗೆ ಬಂದವರು ಅತ್ತೆ. ಪಾರ್ಕಿನಲ್ಲಿ ಹೆಂಗಸರಿಗೆ ದೇವರನಾಮ ಹೇಳಿಕೊಡುತ್ತಾರೆ. ಮೊದಲ ನುಡಿ, ಕೊನೆಯ ನುಡಿ ಅಚ್ಚುಕಟ್ಟು, ನಡುವಿನದಕ್ಕೆ ಬರೀ ರಾಗ. ಅಂಗಡಿಯಿಂದಲೂ ಮೊದಲು ಹೇಳಿದ ಬೆಲ್ಲ ಬರುತ್ತದೆ, ಕೊನೆಗೆ ಹೇಳಿದ ಕೊತ್ತಂಬರಿ ಬರುತ್ತದೆ, ಹುಣಸೆಹಣ್ಣು ಅಲ್ಲೇ ಉಳಿಯುತ್ತದೆ. "ನಡುವೆ ಹುಟ್ಟಿದ್ದನ್ನ ಯಾರು ಕೇಳ್ತಾರೆ ಹೇಳು" ಎಂದು ನಗುತ್ತಾರೆ. ಐದು ಮಕ್ಕಳಲ್ಲಿ ಅವರು ಮೂರನೆಯವರು.

ನನಗೆ ನಗು ಬರುವುದಿಲ್ಲ. ಎರಡು ವರ್ಷದ ನನ್ನ ಮಗಳು ಸಂಹಿತಾಗೆ ಕಡಲೆಕಾಯಿ ಆಗುವುದಿಲ್ಲ. ಹೋದ ತಿಂಗಳು ಚಟ್ನಿಪುಡಿ ನೆಕ್ಕಿ, ತುಟಿ ಊದಿ, ಉಸಿರಾಡಲು ಒದ್ದಾಡಿದ್ದಳು. ಇನ್ನೊಮ್ಮೆ ತಿಂದರೆ ಇನ್ನೂ ಕಷ್ಟ ಎಂದಿದ್ದರು ಡಾಕ್ಟರು. "ಕಡಲೆಕಾಯಿ ತಿಂದು ಯಾರಿಗಾದ್ರೂ ಏನಾದ್ರೂ ಆಗೋದುಂಟೇನೆ?" ಎಂದು ಅತ್ತೆ ಇನ್ನೂ ಅಚ್ಚರಿಪಡುತ್ತಲೇ ಇದ್ದರು. ದಿನಾ ಆಫೀಸಿಗೆ ಹೊರಡುವಾಗ ನೆನಪಿಸುತ್ತಿದ್ದೆ. ಆದರೆ ಅದು 'ಬೇಡ' ಎನ್ನುವ ಮಾತು. ಸ್ನಾನ, ನಿದ್ದೆ, ಔಷಧಿಗಳ ನಡುವೆ ಎಲ್ಲೋ ತುರುಕಿ, ಬೇಗ ನುಂಗಿಬಿಡುತ್ತಿದ್ದೆ.

ಮೊನ್ನೆ ಏಕಾದಶಿ. ಹೆಬ್ಬಾಳದ ಫ್ಲೈಓವರ್ ಮೇಲೆ ಕ್ಯಾಬ್ ನಿಂತಿತ್ತು. ಇವತ್ತು ಹೇಳಿದೆನೋ ಇಲ್ಲವೋ? ಎಷ್ಟು ತಡಕಿದರೂ ಮೊದಲು ಸ್ನಾನ ಅಂದದ್ದು, ಕೊನೆಗೆ ಚಿಲಕ ಅಂದದ್ದು ಮಾತ್ರ ನೆನಪಿಗೆ ಬಂತು. ಫೋನ್ ಮಾಡಿದೆ.

"ಅತ್ತೆ, ನಾನು ಏನೇನ್ ಹೇಳಿದ್ದೆ?"

"ಸ್ನಾನ ಆಯ್ತು. ಚಿಲಕ ಹಾಕಿದೀನಿ."

"ನಡುವೆ?"

"ನಡುವೇನಿತ್ತೆ? ಇರು, ಪುಟ್ಟಿಗೆ ನನ್ನ ಸಬ್ಬಕ್ಕಿ ಉಪ್ಪಿಟ್ಟಲ್ಲೇ ಒಂದ್ ತುತ್ತು..."

"ಅತ್ತೆ, ಕಡಲೆಕಾಯಿ!"

ಚಮಚ ನೆಲಕ್ಕೆ ಬಿದ್ದ ಸದ್ದು. ಆಮೇಲೆ, "ಬಾಯಿಗಿಟ್ಟಿಲ್ಲ ಕಣಮ್ಮ. ದೇವರಾಣೆ ಇಟ್ಟಿಲ್ಲ."

ನಂಬಿಕೆ ಬರಲಿಲ್ಲ. ಕ್ಯಾಬ್ ತಿರುಗಿಸಿಕೊಂಡು ಬಂದೆ. ಅತ್ತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನೂ ಅಂಟದ ಅದರ ಬಾಯನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸುತ್ತಿದ್ದರು. ಉಪ್ಪಿಟ್ಟು ಬಾಣಲೆ ಸಮೇತ ಸಿಂಕಿನಲ್ಲಿತ್ತು. ತುಟಿ ನೋಡಿದೆ, ಎದೆಗೆ ಕಿವಿಯಿಟ್ಟೆ. ಏನೂ ಆಗಿರಲಿಲ್ಲ. ಸಂಜೆಯವರೆಗೂ ನೋಡುತ್ತಲೇ ಇದ್ದೆ. ಅತ್ತೆ ಅವತ್ತು ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ "ಹೋಗ್ಬಿಟ್ಟು ಬರ್ತೀನಿ" ಎಂದು ಮೆಟ್ಟಿಲಿಳಿದೆ. ಗೇಟಿನ ಮೇಲೆ ಕೈಯಿಟ್ಟಿದ್ದೆನಷ್ಟೆ.

"ಶರ್ವಾಣೀ, ನಿಲ್ಲೇ!"

ತಿರುಗಿದೆ. ಮಗುವನ್ನು ಎತ್ತಿಕೊಂಡು ಹೊಸಿಲ ಮೇಲೆ ನಿಂತಿದ್ದ ಅತ್ತೆಯ ಮುಖ ಬಿಳಿಚಿತ್ತು.

"ಕಡಲೆಕಾಯಿ ಬೇಡ. ಕೊನೇಲಿ ಅದನ್ನೇ ಹೇಳಿ ಹೋಗು."

ಹೇಳಿದೆ.

"ಹ್ಞೂಂ. ಈಗ ಹೋಗು. ರಸ್ತೆ ದಾಟೋವಾಗ ನೋಡ್ಕೊಂಡು ದಾಟು."